ಮತ್ತಿನ ಇಂಜೆಕ್ಷನ್ ಕೊಟ್ಟಾಗ ಮಿದುಳು ನಿಂತುಬಿಡುತ್ತಾ?

ಪ್ರಶ್ನೆ: ಅಮ್ಮನಿಗೆ 68 ವರ್ಷ. ಎಂಡೋಸ್ಕೋಪಿ ಮಾಡುವಾಗ ಮಿಡಜೋಲಮ್ ಕೊಟ್ಟಿದ್ದರು. ಡಾಕ್ಟರ್ ‘ಎಡಕ್ಕೆ ತಿರುಗಿ’, ‘ಉಸಿರು ಎಳೀರಿ’ ಅಂದಾಗ ಹಾಗೇ ಮಾಡಿದರಂತೆ. ಅಮ್ಮನಿಗೆ ಮಾತ್ರ ಒಂದೂ ನೆನಪಿಲ್ಲ. ‘ನಾನು ನಿದ್ದೆ ಹೋಗಿದ್ದೆ’ ಅಂತಾರೆ. ಆಗ ಮಿದುಳು ನಿಂತುಹೋಗಿತ್ತಾ?
– ಓದುಗರು, ಜಯನಗರ, ಬೆಂಗಳೂರು

ಉತ್ತರ: ಖಂಡಿತ ಇಲ್ಲ. ಹೇಳಿದ ಹಾಗೆ ತಿರುಗಿದ್ದಾರೆ ಅಂದಮೇಲೆ ಮಾತು ಕೇಳಿಸಿದೆ, ಅರ್ಥವೂ ಆಗಿದೆ. ಮಿಡಜೋಲಮ್ ಹೊಸ ನೆನಪು ಉಳಿಯಲು ಬಿಡುವುದಿಲ್ಲ, ಅಷ್ಟೆ. ಹಳೆಯ ನೆನಪುಗಳಿಗೆ ಏನೂ ಆಗಿರುವುದಿಲ್ಲ.

ಡೋಸ್ ಜಾಸ್ತಿಯಾಗಿ ಪೂರ್ತಿ ಎಚ್ಚರ ತಪ್ಪಿದಾಗಿನ ಕಥೆ ಇನ್ನೂ ಸ್ವಾರಸ್ಯ. ಮಿದುಳಿನಲ್ಲಿ ಗಾಬಾ ಅನ್ನುವ ರಾಸಾಯನಿಕವಿದೆ, ನರಕೋಶಗಳ ಗದ್ದಲ ತಗ್ಗಿಸುವುದು ಅದರ ಕೆಲಸ. ಮಿಡಜೋಲಮ್, ಪ್ರೊಪೊಫಾಲ್ (ಇದೂ ಮತ್ತಿನ ಇಂಜೆಕ್ಷನ್ನೇ) ಎರಡೂ ಅದರ ಬಲ ಹೆಚ್ಚಿಸುತ್ತವೆ. ಆದರೆ ಎಲ್ಲ ಕಡೆ ಒಂದೇ ಸಮ ಕತ್ತಲಾಗುವುದಿಲ್ಲ. ಪ್ರೊಪೊಫಾಲ್ ಕೊಟ್ಟು ಸ್ಕ್ಯಾನ್ ಮಾಡಿದಾಗ, ಕೇಳುವ ಮತ್ತು ನೋಡುವ ಭಾಗಗಳ ಒಳಗಿನ ಸಂಪರ್ಕ ಸುಮಾರಾಗಿ ಉಳಿದಿರುತ್ತದೆ. ಹೆಚ್ಚು ಸಡಿಲವಾಗುವುದು ಹಣೆಯ ಹಿಂದಿನ ಭಾಗಕ್ಕೂ ನೆತ್ತಿಯ ಕಡೆಯ ಭಾಗಕ್ಕೂ ಇರುವ ದೂರದ ನಂಟು, ಜೊತೆಗೆ ಮಿದುಳಿನ ನಡುವೆ ಕೂತು ಸುದ್ದಿ ದಾಟಿಸುವ ಥಲಾಮಸ್‌ನ ನಂಟು. ಜೋರು ಮಳೆಗೆ ಸಿಲ್ಕ್ ಬೋರ್ಡ್ ಜಂಕ್ಷನ್ ಮುಳುಗಿದರೆ ಬಿಟಿಎಂನಲ್ಲೂ ಲೈಟ್ ಇರುತ್ತೆ, ಎಚ್‌ಎಸ್‌ಆರ್‌ನಲ್ಲೂ ಇರುತ್ತೆ, ಆದರೆ ಅತ್ತಿಂದ ಇತ್ತ ಯಾರೂ ಬರೋಕಾಗಲ್ಲ, ಅಲ್ವಾ? ಹಾಗೆ.

ನಿಮ್ಮ ಅಮ್ಮನಿಗೆ ಕೊಟ್ಟ ಮದ್ದಿನ ಮೇಲೆಯೇ 2010ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ತಲೆಯ ಹೊರಗಿನಿಂದ ಕಾಂತೀಯ ಮಿಡಿತ ಕೊಟ್ಟು ಮಿದುಳನ್ನು ಒಂದೆಡೆ ಕೆಣಕಿದರು. ಎಚ್ಚರವಿದ್ದಾಗ ಅದರ ಅಲೆ ದೂರದೂರಕ್ಕೆ ಹರಡಿತು, ಮಿಡಜೋಲಮ್‌ನಿಂದ ಎಚ್ಚರ ತಪ್ಪಿದ ಮೇಲೆ ಎದ್ದ ಜಾಗದ ಆಸುಪಾಸಲ್ಲೇ ಅಡಗಿಹೋಯಿತು. ಕೆಣಕಿದ ಭಾಗ ಸತ್ತಿರಲಿಲ್ಲ ನೋಡಿ, ಸುದ್ದಿ ಮುಂದಕ್ಕೆ ಹೋಗುತ್ತಿರಲಿಲ್ಲ!

ಎಲ್ಲ ಮದ್ದೂ ಹೀಗೇ ಅಲ್ಲ. ಕೆಟಮಿನ್ ಹಿಡಿಯುವ ದಾರಿಯೇ ಬೇರೆ, ಅದರಲ್ಲಿ ಮಿದುಳಿನ ಅಲೆಗಳು ಚುರುಕಾಗಿಯೇ ಓಡುತ್ತಿರುತ್ತವೆ, ಆದರೂ ಮುಂಭಾಗದಿಂದ ಹಿಂದಕ್ಕೆ ಹೋಗುವ ಸಂದೇಶ ಕುಗ್ಗುತ್ತದೆ. ಡೆಕ್ಸ್‌ಮೆಡಿಟೊಮಿಡಿನ್ ಸಹಜ ನಿದ್ದೆಗೆ ಹತ್ತಿರ, ಕೂಗಿ ಎಬ್ಬಿಸಿದರೆ ಸಾಮಾನ್ಯವಾಗಿ ಕಣ್ಣು ಬಿಡುತ್ತಾರೆ.

ಅಮ್ಮನಿಗೆ ರಾತ್ರಿ ನಿದ್ದೆಗೆ ಅಂತ ಅಲ್ಪ್ರಜೋಲಮ್ ಮಾತ್ರೆ ನುಂಗುವ ಅಭ್ಯಾಸವಿದ್ದರೆ ಮುಂದಿನ ಸಲ ಡಾಕ್ಟರಿಗೆ ಮೊದಲೇ ಹೇಳಿ. ಅದೂ ಗಾಬಾದ ಮೇಲೇ ಕೆಲಸ ಮಾಡುವ ಮಾತ್ರೆ, ಎರಡೂ ಸೇರಿದರೆ ಮಂಪರು ಜಾಸ್ತಿಯಾಗುತ್ತದೆ, ಉಸಿರಾಟವೂ ನಿಧಾನವಾಗಬಹುದು.