ಶುಭಾಶಯಕ್ಕೆ ಯಾವ ಶ?

ಪ್ರಶ್ನೆ: ಹಬ್ಬಕ್ಕೆ ನೆಂಟರಿಗೆಲ್ಲ ಫೋನಿನಲ್ಲಿ ‘ಶುಭಾಷಯಗಳು’ ಎಂದು ಕಳಿಸಿದೆ. ಒಬ್ಬರು ಎಲ್ಲರೆದುರೇ ತಿದ್ದಿದರು. ಅರ್ಥವಾದರೆ ಸಾಲದೇ ಸಾರ್?
– ಗೃಹಿಣಿ, ತಿಪಟೂರು

ಉತ್ತರ: ಎಲ್ಲರೆದುರು ತಿದ್ದಿದ್ದು ತಪ್ಪು; ತಿದ್ದಿದ ಅಕ್ಷರ ಮಾತ್ರ ಸರಿ ತಾಯಿ. ಶುಭ, ಆಶಯ ಕೂಡಿ ಶುಭಾಶಯ, ಸವರ್ಣದೀರ್ಘ ಸಂಧಿ. ಭಾಷೆ, ಭಾಷಣ ಬರೆದು ರೂಢಿಯಾದ ಕೈ ತಾನಾಗಿ ಹೊಟ್ಟೆ ಸೀಳಿದ ಷ ಹಾಕುತ್ತದೆ. 20 ವರ್ಷ ಕರಡು ತಿದ್ದಿದ ನನಗೂ ಕಣ್ತಪ್ಪಿದೆ.

ಅರ್ಥ ಕೆಡುವುದೂ ಉಂಟು. ನಮ್ಮ ಮಂಡ್ಯದ ಕಡೆ ಮಾತಿನಲ್ಲಿ ಹಕಾರ ಬಿದ್ದುಹೋಗುತ್ತದೆ. ಬರೆಯುವಾಗ ಸರಿಪಡಿಸುವ ಭರದಲ್ಲಿ ಬೇಡದ ಕಡೆಯೂ ಹ ಅಂಟಿಸುತ್ತೇವೆ. ನಮ್ಮತ್ತಿಗೆ ಒಮ್ಮೆ ‘ರಾತ್ರಿಗೆ ಹಕ್ಕಿ ರೊಟ್ಟಿ ಇದೆ’ ಎಂದು ಚೀಟಿ ಇಟ್ಟು ಮಲಗಿದ್ದರು. ಮೊಟ್ಟೆಯನ್ನೂ ಮುಟ್ಟದ ಅಣ್ಣ ಅಂದು ಹೋಟೆಲಿನಲ್ಲಿ ಉಂಡು ಬಂದ.