ನಾವು ಕೋಲಾರದವರೇ, ಆದರೂ ಆ ಕಥೆ ನಮ್ಮದು ಅನ್ನಿಸೋದ್ಯಾಕೆ?

ಪ್ರಶ್ನೆ: ಬೇರೆ ದೇಶಕ್ಕೆ ಹೋಗಿ ನೆಲೆಸಿದ ಮುಸ್ಲಿಮರ ಬಗ್ಗೆ ಇರುವ ಇಂಗ್ಲಿಷ್ ಕಾದಂಬರಿಗಳನ್ನು ಈಚೆಗೆ ಓದುತ್ತಿದ್ದೇನೆ. ನಮ್ಮ ಮನೆಮಾತು ದಖನಿ, ಬೀದಿಯಲ್ಲಿ ಕನ್ನಡ, ಮಾರ್ಕೆಟ್ಟಿಗೆ ಹೋದರೆ ತೆಲುಗೂ ಬೇಕು. ನಾವು ಎಲ್ಲಿಂದಲೂ ಬಂದವರಲ್ಲ. ಆದರೂ ಮೊನ್ನೆ ಬೆಂಗಳೂರು ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ನನ್ನ ತಲೆವಸ್ತ್ರ ನೋಡಿ, "ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಿ, ಎಲ್ಲಿ ಕಲಿತ್ರಿ?" ಅಂದರು. ಆಗಿನಿಂದ ಆ ಕಾದಂಬರಿಗಳು ನನ್ನ ಕಥೆಯೇ ಅನ್ನಿಸ್ತಿದೆ. ಇದು ಸರೀನಾ?
- ಓದುಗಿ, ಕೋಲಾರ

ಉತ್ತರ: ಹಾಗನ್ನಿಸೋದು ಸರಿ. ಆದರೆ ಅವರದ್ದೂ ನಿಮ್ಮದೂ ಒಂದೇ ಕಥೆ ಅಲ್ಲ. ಮೋನಿಕಾ ಅಲಿ ಅವರ 'ಬ್ರಿಕ್ ಲೇನ್' (2003) ತೆಗೆದುಕೊಳ್ಳಿ. ಬಾಂಗ್ಲಾದೇಶದ ಹಳ್ಳಿಯಿಂದ ಮದುವೆಯಾಗಿ ಲಂಡನ್ನಿಗೆ ಬರುವ ನಜ್ನೀನ್‌ಗೆ ಮೊದಮೊದಲು ಬರುವ ಇಂಗ್ಲಿಷ್ ಅಂದ್ರೆ 'ಸಾರಿ', 'ಥ್ಯಾಂಕ್ ಯೂ', ಅಷ್ಟೇ. ಕೊನೆಗೆ ಗಂಡ ಢಾಕಾಕ್ಕೆ ವಾಪಸ್ ಹೊರಟರೂ ಅವಳು ಮಕ್ಕಳ ಜೊತೆ ಅಲ್ಲೇ ಉಳಿಯುತ್ತಾಳೆ. ಇನ್ನೊಂದು ಕಡೆ ಲೈಲಾ ಅಬುಲೇಲಾ ಅವರ 'ದಿ ಟ್ರಾನ್ಸ್‌ಲೇಟರ್' (1999) ಇದೆ, ನನಗೆ ಜಾಸ್ತಿ ಇಷ್ಟವಾದದ್ದು ಇದೇ. ಸುಡಾನಿನ ಸಮರ್ ಸ್ಕಾಟ್ಲೆಂಡಿನ ಅಬರ್‌ಡೀನ್‌ನಲ್ಲಿ ಅರಬ್ಬಿಯಿಂದ ಇಂಗ್ಲಿಷಿಗೆ ಅನುವಾದ ಮಾಡಿ ಬದುಕುವವಳು. ಗಂಡ ತೀರಿಹೋಗಿದ್ದಾನೆ, ಆ ಊರಿನ ಮಳೆ ಕಂಡರೆ ಭಯ. ಇಂಗ್ಲಿಷ್ ಪೂರಾ ಕೈಯಲ್ಲಿದ್ದರೂ ಊರು ಅವಳದಾಗಿಲ್ಲ. ಜೊತೆಗೆ ಬಂದದ್ದು ನಮಾಜು ಒಂದೇ.

ಅಂದ್ರೆ ಭಾಷೆ ಬಂದುಬಿಟ್ಟರೆ ಊರು ನಮ್ಮದಾಗುತ್ತೆ ಅನ್ನೋ ಲೆಕ್ಕ ಈ ಎರಡು ಕಾದಂಬರಿಗಳಲ್ಲೂ ನಿಲ್ಲುವುದಿಲ್ಲ. ನಿಮ್ಮನ್ನು ಚುಚ್ಚಿದ್ದೂ ಅದೇ ಅಲ್ವಾ? ಆ ಹೆಂಗಸರು ಒಂದು ಊರು ಬಿಟ್ಟು ಬಂದವರು, ಎಲ್ಲಿಯವರು ಅಂತ ಕೇಳಿದರೆ ದೂರದ ಒಂದು ಹೆಸರು ಹೇಳಬಹುದು. ನೀವು ಹೇಳೋದು ಕೋಲಾರ ಅಂತ, ಕೇಳಿದವರು ಅದನ್ನು ಒಪ್ಪದೆ ಇನ್ನೊಂದು ಉತ್ತರಕ್ಕೆ ಕಾಯುತ್ತಾರೆ. ಎಲ್ಲಿಗೂ ಹೋಗದೆ ಇದ್ದಲ್ಲೇ ಹೊರಗಿನವರಾಗೋದು ಬೇರೆಯೇ ನೋವು. ನಿಮ್ಮ ಜಿಲ್ಲೆಯವರೇ ಆದ ಮಾಸ್ತಿ ಅವರ ಮನೆಮಾತು ತಮಿಳು. ಅವರು ಕನ್ನಡ ಎಲ್ಲಿ ಕಲಿತರು ಅಂತ ನಾವ್ಯಾರೂ ಕೇಳುವುದಿಲ್ಲ.

ಈ ನೋವಿನ ಕಥೆಗೆ ಲಂಡನ್ ತನಕ ಹೋಗಬೇಕಿಲ್ಲ. ಸಾರಾ ಅಬೂಬಕ್ಕರ್ ಓದಿ, ಬೊಳುವಾರು ಓದಿ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ತಂದ ಬಾನು ಮುಷ್ತಾಕ್ ಅವರ ಕಥೆಗಳು ಮೊದಲು ಬಂದದ್ದು ಕನ್ನಡದಲ್ಲೇ.

ಆಮೇಲೆ ಆ ಬಸ್ಸಿನ ಮಾತನ್ನು ನೀವೇ ಬರೆದು ಕಳಿಸಿ. ಬಸ್ಸು ನರಸಾಪುರ ದಾಟಿತ್ತಾ, ನೀವು ಏನಂದಿರಿ, ಮನೆಗೆ ಬಂದು ಅಮ್ಮಿಗೆ ಯಾವ ಭಾಷೆಯಲ್ಲಿ ಹೇಳಿದಿರಿ, ಎಲ್ಲ ಇರಲಿ. 'ಅಮ್ಮಿ' ಅನ್ನೋದನ್ನು 'ತಾಯಿ' ಅಂತ ಮಾತ್ರ ತಿದ್ದಬೇಡಿ.