8 ಗಿಗಾಬೈಟ್ ಕಾರ್ಡಿನ ಬಾರ್ 256 ಮೆಗಾಬೈಟ್‌ನಲ್ಲೇ ಏಕೆ ನಿಂತಿದೆ?

ಲಿನಕ್ಸ್‌ನಲ್ಲಿ ನಿಮ್ಮ 8 ಗಿಗಾಬೈಟ್ ಎಎಂಡಿ ಗ್ರಾಫಿಕ್ಸ್ ಕಾರ್ಡು ರೀಸೈಜಬಲ್ ಬಾರ್ (ಕಾರ್ಡಿನ ಮೆಮೊರಿಯನ್ನು ಪ್ರೊಸೆಸರ್ ನೋಡುವ ಕಿಂಡಿಯಾದ ಬಾರ್‌ನ ಗಾತ್ರ ಬದಲಿಸುವ) ಸೌಲಭ್ಯವನ್ನು ಹೊಂದಿದ್ದರೂ ಪ್ರೊಸೆಸರ್‌ಗೆ ಕಾಣುವ ಕಿಂಡಿ 256 ಮೆಗಾಬೈಟ್ ದಾಟುತ್ತಿಲ್ಲ, ದೊಡ್ಡ ಬಾರ್‌ಗೆ ಪಿಸಿಐ (ಕಾರ್ಡುಗಳನ್ನು ಪ್ರೊಸೆಸರ್‌ಗೆ ಜೋಡಿಸುವ ವ್ಯವಸ್ಥೆ) ವಿಳಾಸದ ಜಾಗ ಸಾಲದೆಂದು ಕರ್ನಲ್ ಲಾಗ್ ಹೇಳುತ್ತಿದೆ, ಇದು ಡ್ರೈವರ್‌ನ ದೋಷವೇ ಎಂದು ಕೇಳಿದ್ದೀರಿ. ಅಲ್ಲವೆಂದೇ ನನ್ನ ಅಭಿಪ್ರಾಯ.

ಈ ಕಾರ್ಡನ್ನು ಲಿನಕ್ಸ್‌ನಲ್ಲಿ ನಡೆಸುವ ಎಎಂಡಿಜಿಪಿಯು ಡ್ರೈವರ್ ಪ್ರಾರಂಭದಲ್ಲಿ ಮಾಡುವ ಕೆಲಸದ ಕ್ರಮವನ್ನು ಗಮನಿಸಿ. ಮದರ್‌ಬೋರ್ಡಿನ ಫರ್ಮ್‌ವೇರ್ (ಬಯೋಸ್) ಈಗಾಗಲೇ ಪೂರ್ಣ ಗಾತ್ರ ಕೊಟ್ಟಿದ್ದರೆ ಅದು ಏನನ್ನೂ ಮುಟ್ಟುವುದಿಲ್ಲ. ಪಿಸಿಐ ಸಾಧನಗಳೆಲ್ಲ ಕವಲೊಡೆಯುವ ಮೂಲವಾದ ರೂಟ್ ಬಸ್ಸಿಗೆ 4 ಗಿಗಾಬೈಟ್‌ಗಿಂತ ಮೇಲಿನ 64 ಬಿಟ್ ವಿಳಾಸ ಪ್ರದೇಶವೇ ಇಲ್ಲದಿದ್ದರೂ ಈ ಪ್ರಯತ್ನವನ್ನು ಸದ್ದಿಲ್ಲದೆ ಕೈಬಿಡುತ್ತದೆ. ಇವೆರಡನ್ನೂ ದಾಟಿದ ಮೇಲೆ ಕಾರ್ಡಿನ ಮೆಮೊರಿ ಡಿಕೋಡಿಂಗ್ (ತನ್ನ ವಿಳಾಸಗಳಿಗೆ ಓಗೊಡುವುದು) ನಿಲ್ಲಿಸಿ, ಮೆಮೊರಿಯ ಬಾರ್ 0 ಮಾತ್ರವಲ್ಲದೆ, ಅದೇ ಬ್ರಿಡ್ಜ್ (ಒಂದು ಬಸ್ಸನ್ನು ಇನ್ನೊಂದಕ್ಕೆ ಜೋಡಿಸುವ ಕೊಂಡಿ) ಕಿಂಡಿಯಲ್ಲಿ ಕುಳಿತಿರುವ ಡೋರ್‌ಬೆಲ್‌ನ (ಹೊಸ ಕೆಲಸವಿದೆಯೆಂದು ಕಾರ್ಡಿಗೆ ತಿಳಿಸುವ ಜಾಗ) ಬಾರ್ 2 ಅನ್ನೂ ಬಿಟ್ಟುಕೊಟ್ಟು, ಹೊಸ ಗಾತ್ರವನ್ನು ಕೋರಿ, ಜಾಗವನ್ನು ಮತ್ತೆ ಹಂಚುವಂತೆ ಕರ್ನಲ್‌ನ ಪಿಸಿಐ ವಿಭಾಗವನ್ನು ಕೇಳುತ್ತದೆ. ನಿಮಗೆ ಕಾಣುತ್ತಿರುವ ಸಂದೇಶ ಹುಟ್ಟುವುದು ಈ ಕೊನೆಯ ಹಂತದಲ್ಲಿ. ಅಂದರೆ ಮೇಲಿನ ವಿಳಾಸ ಪ್ರದೇಶ ಇದ್ದೇ ಇದೆ; ಒಂದೋ ಅದು ಚಿಕ್ಕದು, ಇಲ್ಲವೇ ನಡುವಿನ ಯಾವುದೋ ಬ್ರಿಡ್ಜ್‌ನ ಕಿಂಡಿ ಹಿಗ್ಗಲಾಗದೆ ಸಿಕ್ಕಿಕೊಂಡಿದೆ.

ಎರಡನೆಯ ಕಾರಣವನ್ನು ಹಲವರು ಗಮನಿಸುವುದಿಲ್ಲ. ಕಾರ್ಡಿನ ಬಾರ್ ಬೆಳೆಯಬೇಕಾದರೆ ಅದರ ಮೇಲಿರುವ ಪ್ರತಿಯೊಂದು ಬ್ರಿಡ್ಜ್‌ನ ಕಿಂಡಿಯೂ ಬೆಳೆಯಬೇಕು. ವೇಗಾ ಪೀಳಿಗೆಯಿಂದೀಚಿನ ಬಿಡಿ ಕಾರ್ಡುಗಳೊಳಗೇ ಒಂದು ಸ್ವಿಚ್ ಇರುವುದರಿಂದ ಈ ಸರಪಳಿ ಇನ್ನಷ್ಟು ಉದ್ದವಾಗಿದೆ. ಅದೇ ಕಿಂಡಿಯಲ್ಲಿ ಬೇರೊಂದು ಸಾಧನದ ಬಾರ್ ಉಳಿದಿದ್ದರೆ ಕರ್ನಲ್ ಅದನ್ನು ಕದಲಿಸುವುದಿಲ್ಲ, ಕದಲಿಸಲೂಬಾರದು. ಯಾರು ಅಡ್ಡ ಕುಳಿತಿದ್ದಾರೆಂಬುದು ರೂಟ್ (ನಿರ್ವಾಹಕ) ಬಳಕೆದಾರನಾಗಿ, ವಿಳಾಸಗಳ ಹಂಚಿಕೆಯನ್ನು ತೋರಿಸುವ ಪ್ರಾಕ್ ಐಒಮೆಮ್ ಕಡತವನ್ನು ಓದಿದರೆ ತಿಳಿಯುತ್ತದೆ.

ಫರ್ಮ್‌ವೇರ್ ಸೆಟಪ್‌ನಲ್ಲಿ ಹಳೆಯ ಬಯೋಸ್ ರೀತಿಯ ಬೂಟ್‌ಗಾಗಿ ಇರುವ ಸಿಎಸ್‌ಎಂ ಅನ್ನು ತೆಗೆದು, ಅಬವ್ 4ಜಿ ಡಿಕೋಡಿಂಗ್ (4 ಗಿಗಾಬೈಟ್‌ಗಿಂತ ಮೇಲಿನ ವಿಳಾಸಗಳ ಬಳಕೆ) ಮತ್ತು ರೀಸೈಜಬಲ್ ಬಾರ್ ಎರಡನ್ನೂ ಚಾಲೂ ಮಾಡುವುದೇ ಸರಿಯಾದ ಪರಿಹಾರ. ಆ ಆಯ್ಕೆಗಳೇ ಇಲ್ಲದ ಹಳೆಯ ಬೋರ್ಡಾದರೆ ಪಿಸಿಐ ಜಾಗವನ್ನು ಕರ್ನಲ್ಲೇ ಮರುಹಂಚಿಕೆ ಮಾಡುವಂತೆ ಹೇಳುವ ಪಿಸಿಐ=ರೀಅಲಾಕ್ ಎಂಬ ಬೂಟ್ ಆಯ್ಕೆಯನ್ನು ಪ್ರಯತ್ನಿಸಬಹುದು, ಆದರೆ ಅದು ಫಲಿಸುತ್ತದೆಂಬ ಖಾತರಿಯಿಲ್ಲ. ಸಾಧನಗಳ ವಿವರವನ್ನು ಕಡತಗಳಂತೆ ತೋರಿಸುವ ಸಿಸ್‌ಎಫ್‌ಎಸ್‌ನ ರಿಸೋರ್ಸ್0_ರೀಸೈಜ್ ಕಡತಕ್ಕೆ 13 ಎಂದು ಬರೆದರೆ 8 ಗಿಗಾಬೈಟ್ ಕೋರಿದಂತೆ, ಏಕೆಂದರೆ ಅಲ್ಲಿನ ಸಂಖ್ಯೆ ಮೆಗಾಬೈಟ್ ಲೆಕ್ಕದಲ್ಲಿ ಎರಡರ ಘಾತ. ಆದರೆ ಡ್ರೈವರ್ ಕಾರ್ಡನ್ನು ಹಿಡಿದಿರುವಾಗ ಕರ್ನಲ್ ಇದಕ್ಕೆ ಒಪ್ಪುವುದಿಲ್ಲ.

ಅಲ್ಲಿಯವರೆಗೆ ಕಾರ್ಡನ್ನು ನಿಶ್ಚಿಂತೆಯಿಂದ ಬಳಸಿ. ಪ್ರೊಸೆಸರ್ ಕಿಂಡಿಯಾಚೆಗಿನ ಬಫರ್ (ಕಾರ್ಡಿನ ಮೆಮೊರಿಯಲ್ಲಿರುವ ದತ್ತಾಂಶದ ತುಣುಕು) ಒಂದನ್ನು ಮುಟ್ಟಿದಾಗ ಡ್ರೈವರ್ ಅದನ್ನು ಕಾಣುವ ಭಾಗಕ್ಕೆ ಸರಿಸಿಕೊಳ್ಳುತ್ತದೆ. ಆ ಸಾಗಣೆಗೆ ತಗಲುವ ಸಮಯವಷ್ಟೇ ನಷ್ಟ.